ಜಗಲಿಯಿಲ್ಲದ ಕಲ್ಲುಮನೆ

"ಮೆಟ್ಟು ಇಲ್ಲೇ ಬಿಟ್ಟು ಹೋಗಿ ಸಾರ್."

ಗೇಟಿನ ಪಕ್ಕದ ಸಿಲ್ವರ್ ಓಕ್ ಮರದ ನೆರಳಲ್ಲಿ ಕೂತು ಕರಿಮೆಣಸು ಆರಿಸುತ್ತಿದ್ದ ಮುದುಕಿ ತಲೆಯೆತ್ತದೆಯೇ ಹೇಳಿದಳು. ನಂದೀಶ್ ನಿಂತ. ಮರದ ಬುಡದಲ್ಲಿ ಚಪ್ಪಲಿಗಳ ಸಾಲಿತ್ತು. ಸವೆದ ಹವಾಯಿಗಳು, ತಂತಿಯಲ್ಲಿ ಹೊಲಿದ ಸ್ಯಾಂಡಲ್ಲುಗಳು, ಹಿಮ್ಮಡಿ ತೂತಾದ ಪ್ಲಾಸ್ಟಿಕ್ ಶೂಗಳು. ಒಳಗೆ ಕೆಲಸಕ್ಕೆ ಹೋದವರೆಲ್ಲ ಬಿಟ್ಟು ಹೋದವು.

"ಯಾಕಜ್ಜಿ, ಒಳಗೇನು ದೇವಸ್ಥಾನ ಇದೆಯಾ?"

"ದೇವ್ರಿದ್ದಿದ್ರೆ ಹೇಳ್ತಿರ್ಲಿಲ್ಲ. ದೇವ್ರು ಮೆಟ್ಟು ತಿನ್ನಲ್ಲ."

"ಮತ್ಯಾರು ತಿಂತಾರೆ?"

ಮುದುಕಿ ಮೊರದ ಮೇಲಿನ ಕೈ ನಿಲ್ಲಿಸಿ, ಕಾಫಿಗಿಡಗಳ ಆಚೆ ತಗ್ಗಿನಲ್ಲಿ ಕವುಚಿ ಕೂತಿದ್ದ ಕಲ್ಲುಮನೆಯನ್ನು ಗಲ್ಲದಿಂದ ತೋರಿಸಿದಳು. "ಮಾಟ ಹಾಕಿರೋ ಮನೆ ಅದು. ಬರಿಗಾಲಲ್ಲಿ ಹೋದೋರು ವಾಪಸ್ ಬರ್ತಾರೆ. ಒಳಗೆ ಏನಿದೆ ಅಂತ ನಂಗೂ ಗೊತ್ತಿಲ್ಲ. ನಮ್ಮವ್ವ ಹೇಳಿದ್ಲು. ಅವಳಿಗೆ ಅವಳವ್ವ ಹೇಳಿದ್ಲು."

ನಂದೀಶನಿಗೆ ನಗು ಬಂತು. ನಗುವಿನ ಬೆನ್ನಿಗೇ ಸಿಟ್ಟೂ ಬಂತು. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಅವನ ತಾತ ಮೇಲಿನ ಬೀದಿ ದಾಟುವಾಗ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಸುಡುವ ಬಿಸಿಲಾದರೂ ಸರಿ, ಮುಳ್ಳಾದರೂ ಸರಿ. ಅಪ್ಪ ಆ ಊರು ಬಿಟ್ಟು ಕುಶಾಲನಗರದ ಮಗ್ಗುಲಿಗೆ ಬಂದು ನೆಲೆಸಿ, ಮೊದಲ ಹೊಗೆಸೊಪ್ಪಿನ ದುಡ್ಡಲ್ಲಿ ಕೊಂಡದ್ದು ಒಂದು ಜೊತೆ ಬೂಟು. ಯಾರ ಬಾಗಿಲಲ್ಲೂ ಬಿಚ್ಚಬೇಡ ಮಗನೇ ಎಂದಿದ್ದ. ನಂದೀಶ್ ಇವತ್ತಿನ ತನಕ ಬಿಚ್ಚಿರಲಿಲ್ಲ. ಎಂಜಿನಿಯರ್ ಆದ, ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡುವ ವಿದ್ಯೆ ಕಲಿತ, ಯಾವ ಅರಮನೆಯ ಕೆಲಸಕ್ಕೆ ಹೋದರೂ ಬೂಟುಗಾಲಲ್ಲೇ ಹೊಕ್ಕ.

"ಬ್ರಿಟಿಷರು ಹೋಗಿ ಎಷ್ಟು ಕಾಲ ಆಯ್ತು ಅಜ್ಜಿ! ದೊರೆ ಮುಂದೆ ಕೂಲಿಯೋರು ಮೆಟ್ಟು ಮೆಟ್ಟಬಾರದು ಅಂತ ಮಾಡಿದ ಕಾನೂನನ್ನ ನೀವಿನ್ನೂ ಮಾಟ ಅಂತ ಪೂಜೆ ಮಾಡ್ತಾ ಕೂತಿದ್ದೀರಲ್ಲ."

ಮುದುಕಿಯ ಹೆಸರು ಚಿನ್ನಿ. ತೋಟದ ಕೂಲಿಗಳ ಸಾಲುಮನೆಯಾದ ಲೈನ್‌ಮನೆಯಲ್ಲಿ ಹುಟ್ಟಿ, ಲೈನ್‌ಮನೆಯಲ್ಲೇ ಮುದುಕಿಯಾದವಳು. ಅವಳು ನಂದೀಶನ ಬೂಟುಗಳ ಸದ್ದು ಕಲ್ಲುಹಾದಿಯಲ್ಲಿ ಇಳಿದು ಹೋಗುವ ತನಕ ಕಿವಿಗೊಟ್ಟು ಕೂತಿದ್ದಳು.

ತಿತಿಮತಿಯ ಆಚೆ, ಕಾಡಿನ ಅಂಚಿಗೆ ತಾಗಿದ ಆ ತೋಟವನ್ನು ಈಚೆಗೆ ಕೊಂಡವನು ಶಶಿಕುಮಾರ್ ಎಂಬ ಸಾಹುಕಾರ. ಕಲ್ಲುಮನೆಯನ್ನು ರೆಸಾರ್ಟ್ ಮಾಡುವುದು ಅವನ ಯೋಜನೆ. ಮನೆಯ ಎದುರಿನ ಲೈನ್‌ಮನೆಗಳನ್ನು ಕೆಡವಿ ಅಲ್ಲಿ ಈಜುಕೊಳ. ಆ ನಕ್ಷೆ ಬರೆದವನು ನಂದೀಶನೇ. ಹತ್ತಾರು ಒಲೆಗಳು ಉರಿಯುವ ಜಾಗದ ಮೇಲೆ ಅವನ ಪೆನ್ಸಿಲ್ಲು ನೀಲಿ ಬಣ್ಣ ಬಳಿದಿತ್ತು. ಬಳಿಯುವಾಗ ಕೈ ಒಂದು ಕ್ಷಣ ತಡೆದದ್ದು ನಿಜ. ತಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಾನೆ ಅಂದುಕೊಂಡು ಮುಂದುವರಿದದ್ದೂ ನಿಜ.

ಮನೆ ಮಾತ್ರ ಅವನನ್ನು ಹಿಡಿದು ನಿಲ್ಲಿಸಿತ್ತು. ಅದು ಕೊಡಗಿನ ಮನೆಯೇ ಅಲ್ಲ. ಕಟ್ಟಿಸಿದ ದೊರೆ ಇಂಗ್ಲೆಂಡಿನ ಬಡಗಣ ಗುಡ್ಡಗಳ ರೈತಾಪಿ ಕುಟುಂಬದವನಂತೆ. ತನ್ನಪ್ಪನ ಮನೆಯನ್ನೇ ನೆನಪಿನಿಂದ ಎತ್ತಿ ಇಲ್ಲಿ ಇಟ್ಟಿದ್ದ. ಬೀಳದ ಹಿಮ ಜಾರಲೆಂದು ಕಡಿದಾದ ಮಾಡು, ಅದರ ಮೇಲೆ ಹೆಂಚಿನ ಬದಲು ಕಲ್ಲಿನ ಬಿಲ್ಲೆಗಳು. ಇಲ್ಲಿ ಬೀಸದ ಗಾಳಿಗೆ ಹೆದರಿ ಗುಡ್ಡಕ್ಕೆ ಬೆನ್ನು ಒತ್ತಿ ಕೂತ ಗೋಡೆಗಳು. ಗೋಡೆಯೆಂದರೆ ಒಂದಲ್ಲ, ಒಳಮೈ ಒಂದು, ಹೊರಮೈ ಒಂದು, ನಡುವೆ ತುಂಡುಗಲ್ಲು ತುಂಬಿ ಎರಡನ್ನೂ ಉದ್ದಗಲ್ಲುಗಳಿಂದ ಬಿಗಿದದ್ದು. ಕಿಟಕಿಗಳು ಕಣ್ಣು ಕಿರಿದು ಮಾಡಿ ನೋಡುವಷ್ಟೇ. ಮನೆಯ ನಟ್ಟನಡುವೆ ಎದುರುಬದುರು ಎರಡು ಬಾಗಿಲು, ನಡುವೆ ಓಣಿ. ಓಣಿಯ ಒಂದು ಬದಿಗೆ ಕೊಟ್ಟಿಗೆ, ಇನ್ನೊಂದು ಬದಿಗೆ ಮನುಷ್ಯರು. ಮನುಷ್ಯರ ಬದಿಯಲ್ಲಿ ಒಂದು ಕೋಣೆಯಷ್ಟೇ ದೊಡ್ಡ ಬೆಂಕಿಗೂಡು, ಅದರ ಮೇಲೆ ಅಡ್ಡಲಾಗಿ ಬೀಟೆಮರದ ತೊಲೆ, ತೊಲೆಯ ಮೇಲೆ ಮಾಡನ್ನು ಸೀಳಿಕೊಂಡು ಹೋದ ಹೊಗೆಗೂಡು. ಬೆಂಕಿಗೂಡಿನ ಬಾಯನ್ನು ಯಾರೋ ಯಾವಾಗಲೋ ಕಲ್ಲಿಟ್ಟು ಮುಚ್ಚಿದ್ದರು.

ಒಂದೇ ಒಂದು ಇರಲಿಲ್ಲ. ಜಗಲಿ. ಕೂಲಿಯವನು ಬಂದು ಕೂರುವುದಕ್ಕೆ, ದಾರಿಹೋಕ ಮೆಟ್ಟು ಬಿಡುವುದಕ್ಕೆ ಆ ಮನೆಗೆ ಹೊರಗೊಂದು ಅಂಗೈಯಗಲ ಜಾಗವಿರಲಿಲ್ಲ. ಹೊಸ್ತಿಲಿನ ಈಚೆ ಕಾಡು, ಆಚೆ ಕತ್ತಲು.

ಕೆಲಸದವರ ಬರಿಗಾಲಿಗೆ ಕಲ್ಲುಚೂರು ತಾಗಿ ರಕ್ತ ಬರುವುದನ್ನು ನೋಡಲಾರದೆ ನಂದೀಶ್ ಎಲ್ಲರಿಗೂ ಸೇಫ್ಟಿ ಬೂಟು ತರಿಸಿಕೊಟ್ಟ. ಅವರು ಮುಟ್ಟಿ ನೋಡಿ ಖುಷಿಪಟ್ಟರು. ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಮರುದಿನ ಸಿಲ್ವರ್ ಮರದ ಬುಡದಲ್ಲಿ ಆ ಬೂಟುಗಳೂ ಸಾಲಾಗಿ ನಿಂತಿದ್ದವು.

"ಏನ್ರೀ ಗಂಗಣ್ಣ, ನೀವೂ ಹಿಂಗೇನಾ?"

ಗಂಗಣ್ಣ ಗಾರೆಮೇಸ್ತ್ರಿ. ನಂದೀಶನ ಜೊತೆಗೇ ಕುಶಾಲನಗರದಿಂದ ಬಂದವನು. "ಬೂಟು ಬಾಳ ಚೆನ್ನಾಗೈತೆ ಸಾರ್. ಹಾಕ್ಕೊಂಡ್ರೆ ನನ್ ಹೆಂಡ್ತಿನೇ ಪೊಲೀಸ್ ಬಂದ ಅಂತ ಬಾಗ್ಲು ಹಾಕ್ತಾಳೆ. ಆದ್ರೆ ಈ ಮನೆ ಒಳಗೆ ಬ್ಯಾಡ. ಊರಿಗೆ ಹೋಗಿ ಹಾಕ್ಕೋತೀನಿ."

"ಗುಲಾಮಗಿರಿ ಅಂಗಾಲಿಗೆ ಅಂಟಿಬಿಟ್ಟಿದೆ ನಿಮಗೆಲ್ಲ" ಎಂದು ನಂದೀಶ್ ಕೂಗಾಡಿದ. ಕೂಗು ಗೋಡೆಗೆ ಬಡಿದು ವಾಪಸು ಬರಲಿಲ್ಲ. ಗೋಡೆಯ ಎರಡು ಮೈಗಳ ನಡುವೆ ಎಲ್ಲೋ ಇಳಿದು ಹೋಯಿತು.

ನೆಲದ ಮೇಲೆ ಹಾಸಿದ್ದ ಸುಣ್ಣದ ಪುಡಿಯಲ್ಲಿ ಅವನು ಮೊದಲು ಅದನ್ನು ಕಂಡದ್ದು. ತನ್ನ ಬೂಟಿನ ಗುರುತುಗಳ ಪಕ್ಕದಲ್ಲೇ ಬರಿಗಾಲಿನ ಗುರುತುಗಳು. ಅವನು ತಿರುಗಿದಲ್ಲಿ ತಿರುಗಿದ್ದವು. ಅವನು ನಿಂತಲ್ಲಿ ನಿಂತಿದ್ದವು. ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿಕೊಂಡ ಪಾದ. ಯಾರೋ ಕೆಲಸದವನದು ಅಂದುಕೊಂಡ. ಆದರೆ ಆ ಕೋಣೆಗೆ ಬೆಳಗಿನಿಂದ ಅವನೊಬ್ಬನೇ ಹೋಗಿದ್ದ.

ಶುಕ್ರವಾರ ಬೆಂಕಿಗೂಡಿನ ಬಾಯಿ ಒಡೆಸಿದ. ಗಂಗಣ್ಣ ಹಾರೆ ಹಾಕಿ ಮೊದಲ ಕಲ್ಲು ಕೀಳುತ್ತಿದ್ದಂತೆ ಒಳಗಿನಿಂದ ಒಂದು ಉಸಿರು ಬಂತು. ತಣ್ಣಗಿನ ಮಸಿಯ ವಾಸನೆ. ಅದರಡಿಯಲ್ಲಿ ನೆನೆದ ತೊಗಲಿನ ವಾಸನೆ. ಹೊರಗೆ ಇಡೀ ತೋಟ ಹೂ ಬಿಡುವ ಕಾಲ. ಕಾಫಿ ಹೂವಿನ ಕಂಪು ಮೂಗಿಗೆ ಅಡರುವಷ್ಟು ದಟ್ಟವಾಗಿತ್ತು. ಒಳಗಿನ ವಾಸನೆ ಅದನ್ನು ಒಂದೇ ಗುಟುಕಿಗೆ ನುಂಗಿತು.

ನಂದೀಶ್ ಟಾರ್ಚು ಹಿಡಿದು ಹೊಗೆಗೂಡಿನೊಳಗೆ ತಲೆ ಹಾಕಿದ. ಕೈಗೆಟುಕುವ ಎತ್ತರದಲ್ಲಿ ಕಲ್ಲಿನದೊಂದು ಗೂಡು. ಗೂಡಿನಲ್ಲಿ ಒಂದು ಜೊತೆ ಬೂಟು. ಮಸಿಗಟ್ಟಿ, ಒಣಗಿ ಕೊರಡಾಗಿ, ಆದರೂ ಪಾದದ ಆಕಾರ ಬಿಡದೆ. ಎಡಬೂಟಿನ ತುದಿ ಒಳಕ್ಕೆ ಮಡಚಿತ್ತು.

ಅವನು ಎತ್ತಿಕೊಂಡ. ಎತ್ತುವಾಗ ಗೂಡು ಒಂದು ಕ್ಷಣ ಬಿಡಲಿಲ್ಲ, ನಾಯಿಯೊಂದು ಎಲುಬು ಕಚ್ಚಿ ಹಿಡಿದಂತೆ. ಆಮೇಲೆ ಬಿಟ್ಟಿತು.

"ನೋಡಿ ಗಂಗಣ್ಣ, ಇದೇ ನಿಮ್ಮ ಮಾಟ!" ಅವನಿಗೆ ಉತ್ಸಾಹ. "ನಮಗೆ ಕ್ಲಾಸಲ್ಲಿ ಹೇಳಿಕೊಟ್ಟಿದ್ದರು. ಆ ಕಾಲದ ಇಂಗ್ಲೆಂಡಿನ ರೈತರ ನಂಬಿಕೆ ಇದು. ಬಾಗಿಲಿಗೆ ಅಗಳಿ ಹಾಕಬಹುದು, ಕಿಟಕಿ ಮುಚ್ಚಬಹುದು. ಹೊಗೆಗೂಡು ಮಾತ್ರ ಯಾವಾಗಲೂ ತೆರೆದೇ ಇರುತ್ತೆ. ಕೆಟ್ಟದ್ದು ಆ ದಾರೀಲಿ ಇಳಿದು ಬರುತ್ತೆ ಅಂತ ಅಲ್ಲಿ ಹಳೇ ಬೂಟು ಇಡೋರು. ಬೂಟು ಮೆಟ್ಟಿದವನ ಆಕಾರ ಹಿಡಿದಿರುತ್ತಲ್ಲ? ಬಂದದ್ದು ಇವನೇ ಮನುಷ್ಯ ಅಂತ ಅದರೊಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮಲ್ಲಿ ನಿಂಬೆಹಣ್ಣು ಕಟ್ಟಲ್ವಾ, ಹಂಗೆ."

ಗಂಗಣ್ಣ ನಗಲಿಲ್ಲ. ಅವನ ಕಣ್ಣು ಬಾಗಿಲ ಕಡೆಗಿತ್ತು. ಬಾಗಿಲಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಚಿನ್ನಿ ನಿಂತಿದ್ದಳು.

"ಕರಿಯಜ್ಜನ ಬೂಟು" ಅಂದಳು.

ಅವಳ ಅಜ್ಜಿಯ ಅಣ್ಣ ಕರಿಯ. ಇಡೀ ತೋಟದಲ್ಲಿ ಬೂಟು ಮೆಟ್ಟಿದ ಒಬ್ಬನೇ ಕೂಲಿ. ದೊರೆಯೇ ಕೊಡಿಸಿದ್ದ. ಇದೇ ಮನೆಗೆ ಕಲ್ಲು ಹೊರುವಾಗ, ನೀನು ಒಳ್ಳೆ ಆಳು, ಮೆಟ್ಟಿಕೋ ಎಂದು. ಲೈನಿನವರೆಲ್ಲ ಹೊಟ್ಟೆ ಉರಿದುಕೊಂಡಿದ್ದರಂತೆ. ಮನೆ ಕಟ್ಟಿ ಮುಗಿಯಿತು, ಬೂಟು ಕಾಲಿಗೆ ಹೊಂದಿತು. ಒಂದು ಸಂಜೆ ದೊರೆ ಬೂಟು ವಾಪಸು ಕೇಳಿದ. ಒಳಗೆ ಬಂದು ಬಿಚ್ಚಿಕೊಡು ಅಂದ. ಕರಿಯ ಒಳಗೆ ಹೋದ.

"ಮುಂಗಡ ತಿಂದು ವಯನಾಡಿಗೆ ಓಡಿಹೋದ ಅಂತ ತೋಟದ ಲೆಕ್ಕ ಬರೆಯೋ ರೈಟರು ಹೇಳಿದ್ರಂತೆ. ಓಡೋನು ಹೆಂಡ್ತಿಗೆ ಹೇಳ್ದೆ ಓಡ್ತಾನಾ ಸಾರ್? ಮಾಟ ಮಾಡಿದ್ದು ನಮ್ಮೋರು, ಕಾಡು ಜನ ಅಂತ ಊರೆಲ್ಲ ಹೇಳ್ತದೆ. ನಮ್ಮೋರು ಮಾಡಿದ್ದು ಇಷ್ಟೇ, ಗೇಟಲ್ಲಿ ಮೆಟ್ಟು ಬಿಡಿ ಅಂತ ಹೇಳಿದ್ದು." ಅವಳು ಎರಡೂ ಕೈ ಚಾಚಿದಳು. "ಕೊಡಿ. ಮಣ್ಣು ಮಾಡ್ತೀವಿ."

ನಂದೀಶ್ ಬೂಟುಗಳನ್ನು ಅವಳತ್ತ ಅರ್ಧ ಚಾಚಿದ. ಆದರೂ, "ಇದು ಸಾಹುಕಾರರ ಆಸ್ತಿ ಅಜ್ಜಿ. ಅವರನ್ನ ಕೇಳಬೇಕು" ಅಂದ.

ಸಾಹುಕಾರ ಫೋನಿನಲ್ಲಿ ಕುಣಿದಾಡಿದ. "ಸೂಪರ್ ನಂದೀಶ್! ಗಾಜಿನ ಪೆಟ್ಟಿಗೇಲಿ ಇಟ್ಟು ಲಾಬೀಲಿ ಹಾಕೋಣ. ಯಾರಿಗೂ ಕೊಡಬೇಡ, ಭಾನುವಾರ ಸಂಜೆ ನಾನೇ ಬರ್ತೀನಿ." ನಂದೀಶ್ ಬೂಟುಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟ.

ಮರುದಿನ ಬೆಳಗ್ಗೆ ಕಲ್ಲುಮನೆಯ ಹೊಸ್ತಿಲಿನಿಂದ ಮಸಿಯ ಹೆಜ್ಜೆಗಳು ಹೊರಟಿದ್ದವು. ಬರಿಗಾಲು, ಮಡಚಿದ ಕಿರುಬೆರಳು. ಕಲ್ಲುಹಾದಿ ಹತ್ತಿ, ಗೇಟು ದಾಟಿ, ಲೈನ್‌ಮನೆಯ ಚಿನ್ನಿಯ ಬಾಗಿಲಲ್ಲಿ ಮುಗಿದಿದ್ದವು. ಚಿನ್ನಿ ಹೊಸ್ತಿಲಲ್ಲಿ ಒಂದು ತಟ್ಟೆ ಅನ್ನ ಇಟ್ಟಿದ್ದಳು. ಅಳುತ್ತಿದ್ದಳು. ಯಾರೋ ಹುಡುಗಾಟ ಮಾಡಿದ್ದಾರೆ ಅಂದ ನಂದೀಶ್. ತನ್ನ ದನಿ ತನಗೇ ತೆಳ್ಳಗೆ ಕೇಳಿಸಿತು.

ಕರಿಯ ಹೋದ. ಹಾಗಾದರೆ ಗೂಡು ಈಗ ಖಾಲಿ ಎಂಬುದನ್ನು ಅವನು ಯೋಚಿಸಲಿಲ್ಲ.

ಭಾನುವಾರ ಮಗಳು ಹಟ ಹಿಡಿದು ಜೊತೆಗೆ ಬಂದಳು. ಅಶ್ವಿತಾ, ಎರಡನೇ ಕ್ಲಾಸು. ಕಾಲಲ್ಲಿ ಹುಟ್ಟುಹಬ್ಬದ ಹೊಸ ಶೂ. ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವಂಥದ್ದು.

"ಪಾಪು, ಶೂ ಬಿಚ್ಚಿ ನನ್ನತ್ರ ಕೊಡು. ನಾನು ನೋಡ್ಕೋತೀನಿ" ಎಂದಳು ಚಿನ್ನಿ.

ಹುಡುಗಿ ಬಗ್ಗಿದಳು. ನಂದೀಶ್ ಅವಳ ತೋಳು ಹಿಡಿದು ಎತ್ತಿದ. "ನಮ್ಮನೇಲಿ ಯಾರೂ ಯಾರ ಬಾಗಿಲಲ್ಲೂ ಮೆಟ್ಟು ಬಿಚ್ಚಲ್ಲ ಅಜ್ಜಿ."

"ನಿಮ್ಮ ಕಾಲ್ ಹಿಡ್ಕೋತೀನಿ ಸಾರ್."

"ಅದೂ ಬೇಡ. ಯಾರ ಕಾಲೂ ಯಾರೂ ಹಿಡೀಬಾರದು."

ಮಧ್ಯಾಹ್ನ ಮೂರಕ್ಕೆಲ್ಲ ಆಕಾಶ ಕಪ್ಪಾಯಿತು. ಮಳೆಯ ಮೊದಲ ಗುಡುಗು ನಾಗರಹೊಳೆಯ ಕಡೆಯಿಂದ ಉರುಳಿ ಬಂತು. ಕರೆಂಟು ಹೋಯಿತು. ಕಲ್ಲುಮನೆಯ ಇರುಕು ಕಿಟಕಿಗಳು ಒಂದೊಂದಾಗಿ ಕುರುಡಾದವು. ನಂದೀಶ್ ಮೇಲಿನ ಅಟ್ಟದ ತೊಲೆ ಅಳೆಯುತ್ತಿದ್ದ. ಕೆಳಗೆ ಮಗಳು ಓಣಿಯ ತುಂಬ ಓಡಾಡುವ ಸದ್ದು ಕೇಳುತ್ತಿತ್ತು. ಟಪ್ ಟಪ್ ಟಪ್.

ಸದ್ದು ನಿಂತಿತು.

"ಅಚ್ಚೂ?"

ಅವಳು ಯಾರ ಜೊತೆಗೋ ಮಾತಾಡುತ್ತಿದ್ದಳು. ಅವನು ಏಣಿ ಇಳಿದ. ಕತ್ತಲಲ್ಲಿ ತಡವಿದ. ಅಶ್ವಿತಾ ಬೆಂಕಿಗೂಡಿನ ಮುಂದೆ ಬರಿಗಾಲಲ್ಲಿ ಕೂತಿದ್ದಳು.

"ಶೂ ಎಲ್ಲಿ?"

"ಒದ್ದೆ ಆಗಿತ್ತಪ್ಪ. ಒಣಗಿಸಿ ಕೊಡ್ತೀನಿ, ಬಿಚ್ಚು ಅಂದ್ರು."

"ಯಾರು?"

"ಒಲೆ ಒಳಗಿರೋ ಅಂಕಲ್. ಅವರಿಗೆ ಮುಖ ಇಲ್ಲ. ಮುಖ ಇರೋ ಜಾಗದಲ್ಲಿ ಹೊಗೆ ಇದೆ."

ಹೊಗೆಗೂಡಿನ ಒಳಗೆ, ಮೇಲೆ, ಕೆಂಪು ದೀಪ ಮಿನುಗಿತು. ಆರಿತು. ಮಿನುಗಿತು. ಹೆಜ್ಜೆ ಇಟ್ಟಾಗ ಮಾತ್ರ ಉರಿಯುವ ದೀಪ. ಅಲ್ಲಿ ಯಾರೋ ಹೆಜ್ಜೆ ಹಾಕುತ್ತಿದ್ದರು.

ಅವನು ಮಗಳ ಕೈ ಹಿಡಿದು ಓಡಿದ. ಮುಂಬಾಗಿಲು. ಹೊಸ್ತಿಲು. ಮಳೆಯ ಹನಿ ಮುಖಕ್ಕೆ ಬಡಿಯಿತು. ಕೈ ಹಗುರಾಯಿತು. ತಿರುಗಿ ನೋಡಿದ. ಮಗಳು ಇಲ್ಲ.

"ಅಪ್ಪಾ!"

ಒಳಗಿನಿಂದ. ಅವಳು ಓಣಿಯ ಆಚೆ ತುದಿಯಲ್ಲಿದ್ದಳು. ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದಳು.

"ಬಾ! ಓಡಿ ಬಾ!"

ಅವಳು ಓಡಿ ಬಂದಳು. ಮುಂಬಾಗಿಲು ದಾಟಿದಳು. ಅವನ ಕಣ್ಣೆದುರೇ ದಾಟಿದಳು. ಹಿಂಬಾಗಿಲಿನಿಂದ ಒಳಗೆ ಬಂದಳು. ಮತ್ತೆ ಓಡಿದಳು. ಮತ್ತೆ ಬಂದಳು. ಅವಳ ಪಾದಗಳು ನೆಲಕ್ಕೆ ತಾಗುವ ಸದ್ದೇ ಇರಲಿಲ್ಲ. ಕಾಲಿನ ಬಣ್ಣ ಬೆರಳುಗಳಿಂದ ಮೇಲಕ್ಕೆ ಕಲ್ಲಿನ ಬಣ್ಣವಾಗುತ್ತಿತ್ತು.

"ಕಾಲು ತಣ್ಣಗಾಗ್ತಿದೆ ಅಪ್ಪ."

ಅವನಿಗೆ ಆಗ ಅರ್ಥವಾಯಿತು. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಅರ್ಧ ಮಾತ್ರ. ಬೂಟಿನೊಳಗೆ ಕೆಟ್ಟದ್ದು ಸಿಕ್ಕಿಕೊಳ್ಳುತ್ತದೆ, ಸರಿ. ಬೂಟು ಯಾರದೋ ಅವನೂ ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ದೊರೆ ತನ್ನ ಬೂಟು ಇಡಲಿಲ್ಲ.

ಕೂಗಾಟ ಕೇಳಿ ಚಿನ್ನಿ ಮಳೆಯಲ್ಲೇ ಇಳಿದು ಬಂದಿದ್ದಳು. ಹೊಸ್ತಿಲಿನ ಈಚೆ, ಬರಿಗಾಲಲ್ಲಿ ನಿಂತಿದ್ದಳು. ಅವಳ ಹಿಂದೆ, ಮೇಲೆ ಗೇಟಿನ ಬಳಿ, ಅವನ ಕಾರು. ಕಾರಿನ ಹಿಂದಿನ ಸೀಟಿನಲ್ಲಿ ಕರಿಯನ ಬೂಟು. ತಂದು ಮತ್ತೆ ಗೂಡಿನಲ್ಲಿಟ್ಟರೆ ಸಾಕು. ಇಷ್ಟು ಕಾಲ ನಿಂತವನು ಇನ್ನಷ್ಟು ಕಾಲ ನಿಲ್ಲುತ್ತಾನೆ. ನಂದೀಶನ ಬಾಯಿ ತೆರೆಯಿತು. ಚಿನ್ನಿಗೆ ಅವನ ನೋಟ ಎಲ್ಲಿ ಹೋಯಿತೆಂದು ಗೊತ್ತಾಯಿತು. ಅವಳು ಕಾರಿಗೆ ಅಡ್ಡ ಬರಲಿಲ್ಲ. ಬೇಡ ಎನ್ನಲಿಲ್ಲ. ಮಗುವನ್ನು ನೋಡಿದಳು, ಕಾರನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು.

ಇನ್ನೊಂದು ಸಲ ಕರಿಯನನ್ನೇ ಕೇಳುವುದೇ?

ನಂದೀಶ್ ಒಳಗೆ ಓಡಿದ. ಬೆಂಕಿಗೂಡಿನ ಮುಂದೆ ಕುಸಿದು ಕೂತು ಬೂಟಿನ ಲೇಸು ಎಳೆದ. ಗಂಟು ಬಿಗಿಯಿತು. ಹಲ್ಲಿನಿಂದ ಕಿತ್ತ. ಅಪ್ಪನ ಮಾತು, ತಾತನ ಕಂಕುಳು, ಎಲ್ಲ ಎದೆಯಲ್ಲಿ ಒಟ್ಟಿಗೆ ಒದ್ದವು. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಮನೆಯಲ್ಲಿ ಬೂಟು ಬಿಚ್ಚಿದ. ತಣ್ಣನೆಯ ಕಲ್ಲು ಅಂಗಾಲನ್ನು ನೆಕ್ಕಿತು.

ಹೊಗೆಗೂಡಿನೊಳಗೆ ನಿಂತ. ಮಸಿ ಕಣ್ಣಿಗೆ ಸುರಿಯಿತು. ಗೂಡು ಸಿಕ್ಕಿತು. ಮಗಳ ಶೂ ಸಿಕ್ಕಿತು. ಎಳೆದ. ಬರಲಿಲ್ಲ. ಅದರೊಳಗೆ ಏನೋ ಇತ್ತು. ಮೆತ್ತಗೆ. ತಣ್ಣಗೆ. ಬೆರಳಿದ್ದಂತೆ. ಅದು ಅವನ ಬೆರಳನ್ನು ಮುಟ್ಟಿ ನೋಡಿತು.

"ಇದು ದೊಡ್ಡದು" ಅಂದ ಅವನು. ಯಾರಿಗೆ ಅಂದನೋ. "ಇದನ್ನ ತಗೋ. ಇದು ದೊಡ್ಡದು."

ತನ್ನ ಬೂಟುಗಳನ್ನು ಗೂಡಿಗೆ ತುರುಕಿದ.

ಹಿಡಿತ ಸಡಿಲಿತು. ಮಗಳ ಶೂ ಕಳಚಿ ಬಿತ್ತು. ನೆಲಕ್ಕೆ ಬಿದ್ದು ಮಿನುಗಿತು. ಓಣಿಯಲ್ಲಿ ಸಣ್ಣ ಪಾದಗಳ ಸದ್ದು ಕೇಳಿಸಿತು. ಪಟ್ ಪಟ್ ಪಟ್. ಮುಂಬಾಗಿಲು ದಾಟಿತು. ದಾಟಿ, ಹೊರಗೇ ಉಳಿಯಿತು. ಚಿನ್ನಿಯ ಅಳು ಕೇಳಿಸಿತು, ಮಗುವಿನ ಅಳು ಕೇಳಿಸಿತು.

ನಂದೀಶ್ ಬಾಗಿಲ ಕಡೆ ನಡೆದ. ಹೊಸ್ತಿಲು ದಾಟಿದ. ಹಿಂಬಾಗಿಲಿನಿಂದ ಒಳಗೆ ಬಂದ.

ತನ್ನ ಹೆಜ್ಜೆಯ ಸದ್ದು ತನಗೆ ಕೇಳಿಸಲಿಲ್ಲ.

ಹೊರಗಿನಿಂದ ದಡದಡ ಸದ್ದು. ಕೆಲಸದವರ ಗುಡಿಸಲಲ್ಲಿ ಮಲಗಿದ್ದ ಗಂಗಣ್ಣ ಗಾಬರಿಯಲ್ಲಿ ಎದ್ದು ಓಡಿ ಬರುತ್ತಿದ್ದ. ಕಾಲಿಗೆ ಸಿಕ್ಕಿದ್ದನ್ನೇ ಮೆಟ್ಟಿಕೊಂಡಿದ್ದ. ನಂದೀಶನೇ ಕೊಡಿಸಿದ ಸೇಫ್ಟಿ ಬೂಟು. "ಸಾರ್! ಬಂದೆ ಸಾರ್, ಕೈ ಕೊಡಿ!"

ಮನೆ ಉಸಿರು ಬಿಗಿಹಿಡಿಯಿತು. ನಂದೀಶನಿಗೆ ಅದು ಗೊತ್ತಾಯಿತು, ಈಗ ಗೋಡೆಗಳಲ್ಲಿ ಹರಿಯುವುದೆಲ್ಲ ಅವನಿಗೆ ಗೊತ್ತಾಗುತ್ತಿತ್ತು. ಒಂದು ಹೆಜ್ಜೆ ಒಳಗೆ. ಒಂದೇ ಮಾತು, ಬೂಟು ಬಿಚ್ಚಿ ಇಲ್ಲಿಡು. ಅಷ್ಟೇ ಸಾಕು, ತಾನು ಹೊರಗೆ, ಮಗಳ ಹತ್ತಿರ. ದೊರೆಗೂ ಅಷ್ಟೇ ಸಾಕಾಗಿತ್ತು.

"ಬರಬೇಡ ಗಂಗಣ್ಣ! ಬೂಟು ಹಾಕ್ಕೊಂಡು ಬರಬೇಡ! ಹಿಂದೆ ಹೋಗೋ!"

ಗಂಗಣ್ಣ ಹೊಸ್ತಿಲಲ್ಲಿ ತಡೆದು ನಿಂತ. ನಂದೀಶನ ಪಾದಗಳನ್ನು ನೋಡಿದ. ಅವು ಮೊಣಕಾಲ ತನಕ ಬೂದುಗಲ್ಲಾಗಿದ್ದವು. ಗಂಗಣ್ಣ ಹಿಂದೆ ಸರಿದ.

ಮಳೆ ನಿಂತಿತು. ನೆನೆದ ಕಾಫಿ ಹೂವಿನ ಕಂಪು ಹೊಸ್ತಿಲ ತನಕ ಬಂದು ಅಲ್ಲೇ ಸತ್ತಿತು. ಸಂಜೆಯ ಬೆಳಕಲ್ಲಿ ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು.

ಶಶಿಕುಮಾರ್ ಇಳಿದ. ಮೊಣಕಾಲುದ್ದದ ಕಂದು ಬೂಟು, ಹೊಳೆಯುವಂಥದ್ದು, ಕಾಲಿಗೆ ಚೆನ್ನಾಗಿ ಹೊಂದಿಕೊಂಡದ್ದು. ಸಿಲ್ವರ್ ಮರದ ಬುಡದಲ್ಲಿ ಚಿನ್ನಿ ಕೂತಿದ್ದಳು. ಅವಳ ಮಡಿಲಲ್ಲಿ ಕಂಬಳಿ ಸುತ್ತಿದ ಅಶ್ವಿತಾ, ಪಕ್ಕದಲ್ಲಿ ಬರಿಗಾಲಿನ ಗಂಗಣ್ಣ. ಚಪ್ಪಲಿಗಳ ಸಾಲಿನ ಕೊನೆಗೆ ಕಾರಿನಿಂದ ಇಳಿಸಿದ ಕರಿಯನ ಬೂಟು, ಮಣ್ಣಿಗೆ ಕಾಯುತ್ತ.

"ಏನಿದು ಚಪ್ಪಲಿ ಅಂಗಡಿ? ಇನ್ನೂ ಲೈನ್ ಖಾಲಿ ಮಾಡಿಲ್ವೇನೇ ಮುದುಕಿ? ಇದೇ ವಾರ ಜೆಸಿಬಿ ಬರುತ್ತೆ, ಆಮೇಲೆ ಅಳಬೇಡ." ಅವನು ತಗ್ಗಿನ ಕಡೆ ನೋಡಿದ. "ಎಂಜಿನಿಯರ್ ಒಳಗಿದ್ದಾನಾ?"

ಗಂಗಣ್ಣ ಬಾಯಿ ತೆರೆದ. ಚಿನ್ನಿ ಅವನ ಮೊಣಕೈ ಮುಟ್ಟಿದಳು. ಅವನು ಮುಚ್ಚಿದ.

"ಅವ್ರೆ" ಅಂದಳು ಚಿನ್ನಿ.

ಅವಳ ಅವ್ವ, ಅವ್ವನ ಅವ್ವ, ಈ ಮರದಡಿ ಕೂತು ಬಂದವರಿಗೆಲ್ಲ ಹೇಳುತ್ತ ಬಂದ ಒಂದು ಮಾತಿತ್ತು. ಕೂಲಿಗೆ ಹೇಳಿದ್ದರು, ಮೇಸ್ತ್ರಿಗೆ ಹೇಳಿದ್ದರು, ನಕ್ಕವರಿಗೂ ಹೇಳಿದ್ದರು. ಶಶಿಕುಮಾರ್ ಒಂದು ಕ್ಷಣ ಅವಳೆದುರು ನಿಂತೇ ಇದ್ದ. ಚಿನ್ನಿ ತಲೆ ತಗ್ಗಿಸಿ ಪಕ್ಕದಲ್ಲಿದ್ದ ಮೊರದ ಮೆಣಸು ಆರಿಸತೊಡಗಿದಳು.

ಬೂಟುಗಳು ಕಲ್ಲುಹಾದಿಯಲ್ಲಿ ಇಳಿದವು. ಕಡಕ್, ಕಡಕ್, ಕಡಕ್.

"ನಂದೀಶ್?"

ಒಳಗಿನ ಕತ್ತಲಿನಿಂದ ದನಿ ಬಂತು. ಪರಿಚಿತ ದನಿಯೇ. ಕೊಂಚ ಹೊಗೆ ಹಿಡಿದಿತ್ತು, ಅಷ್ಟೆ.

"ಬನ್ನಿ ಸಾರ್. ಹಾದಿ ಎಲ್ಲ ಕೆಸರು, ಬೂಟು ಒದ್ದೆ ಆಗಿರುತ್ತೆ. ಬಿಚ್ಚಿ ಕೊಡಿ. ಒಣಗಿಸಿ ಕೊಡ್ತೀನಿ."